ಅಜ್ಜಿಯ ತಾಯಿಯ ಹೆಸರು

ಯೆರೂಸಲೇಮ್

ಮದುವೆ ನೋಂದಣಿಯ ಮಾನ್ಯ ರಬ್ಬಿಯವರಿಗೆ,

‘ಇಂಥವನು ಇಂಥವನನ್ನು ಪಡೆದನು, ಅವನು ಮತ್ತೊಬ್ಬನನ್ನು ಪಡೆದನು’ ಎಂದೇನೋ ನಮ್ಮ ಧರ್ಮಗ್ರಂಥದ ಆ ಸಾಲು. ಹೆಸರುಗಳು ಪೂರ್ತಿ ನೆನಪಿಲ್ಲ. ಗಂಡಸರೇ ಹೆತ್ತರೆಂಬಂತೆ ಬರೆದಿಟ್ಟ ವಂಶಾವಳಿಯನ್ನು ಚಿಕ್ಕಂದಿನಿಂದ ನಮಗೆ ಓದಿಸಿ, ಈಗ ಹೆಂಗಸರ ಪಟ್ಟಿ ಕೇಳುವುದು ಯಾವ ನ್ಯಾಯ?

ಮಗಳು ನೊಗಾಳ ಮದುವೆಗೆ ಹನ್ನೊಂದೇ ದಿನ ಉಳಿದಿದೆ. ನಾವು ಯೆಹೂದ್ಯರೆಂದು ತೋರಿಸಲು ಸಮರ್ಕಂದಿನಲ್ಲಿರುವ ನನ್ನ ತಾಯಿಯ ತಾಯಿಯ ಸಮಾಧಿಯ ಫೋಟೋ ತರಿಸಿಕೊಟ್ಟೆ. “ಕಲ್ಲಿನ ಮೇಲೆ ‘ಪಿನ್ಹಾಸನ ಮಗಳು ಇಸ್ತಾಮ್’ ಅಂತಿದೆ. ಅಪ್ಪನ್ನ ಯಾರಮ್ಮ ಕೇಳಿದ್ರು? ಕುಲ ಬರೋದು ತಾಯಿಯಿಂದ. ಅವಳ ತಾಯಿ ಹೆಸರು ತನ್ನಿ” ಎಂದು ನಿಮ್ಮ ಗುಮಾಸ್ತರು ಮೂರನೇ ಸಲ ಅರ್ಜಿ ಹಿಂದಿರುಗಿಸಿದರು. ನಮ್ಮವರು ಕಲ್ಲಿನ ಮೇಲೆ ತಂದೆಯ ಹೆಸರನ್ನೇ ಕೆತ್ತಿಸುತ್ತಾರೆಂದು ಅವರಿಗೂ ಗೊತ್ತು.

ಆ ಹೆಸರು ಬಲ್ಲವರು ಯಾರೂ ಉಳಿದಿಲ್ಲ. ದಯವಿಟ್ಟು ಇದೊಂದನ್ನು ಬಿಟ್ಟು ಅರ್ಜಿ ಅಂಗೀಕರಿಸಿ.

ಇಂತು,
ಯಾಫಾ ಅಮಿನೋವ್

ಮೇಲಿನ ಕೋರಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಸಹಿ ಮಾಡಿದ ಮೇಲೆ, ಸಮರ್ಕಂದಿನಲ್ಲಿ ಅಜ್ಜಿಯ ಬೀದಿಯಲ್ಲೇ ಬೆಳೆದ, ಈಗ ನಮ್ಮ ಮಹಡಿಯಲ್ಲೇ ಎದುರು ಮನೆಯಲ್ಲಿರುವ ಜುಲಾಯಿ ಬಾಗಿಲಿಗೆ ಬಂದಿದ್ದರು. ಅವರಿಗೆ ತೊಂಬತ್ತೊಂದು ವರ್ಷ. ಪತ್ರ ಓದಿ ಹೇಳಿದೆ.

“ಯಾರೂ ಉಳಿದಿಲ್ಲ ಅಂತ ಬರೆದ್ಯಾ? ನಾನೇನು ಸತ್ತೋಗಿದೀನಾ? ಇಸ್ತಾಮ್ ಜ್ವರ ಬಂದು ಮಲಗಿದಾಗ ನಮ್ಮ ಬೀದಿಯವರೆಲ್ಲ ಅವಳಿಗೋಸ್ಕರ ಪ್ರಾರ್ಥನೆ ಮಾಡಿದ್ವಿ. ರೋಗಿಗೆ ಬೇಡ್ಕೊಳ್ಳೋದು ತಾಯಿ ಹೆಸರು ಹಿಡಿದು ತಾನೇ? ‘ಬುಲೋರ್ ಮಗಳು ಇಸ್ತಾಮ್, ಬುಲೋರ್ ಮಗಳು ಇಸ್ತಾಮ್’ ಅಂತ ಏಳು ದಿನ ಹೇಳಿದೀನಿ ಕಣೇ. ಸಾಕ್ಷಿ ಬೇಕಂದ್ರೆ ಆ ರಬ್ಬಿಗೇ ಬರೋಕೆ ಹೇಳು. ನನ್ನ ಕೈಲಿ ಮೆಟ್ಟಿಲು ಇಳಿಯೋಕಾಗಲ್ಲ.”