ಬಲಗಣ್ಣಿನ ಕಾಯಿಲೆಗೆ ಎಡಗಣ್ಣಿನ ಮಂಜೂರಾತಿ

ಚಿಕಿತ್ಸಾ ಮಂಜೂರಾತಿ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಸೋದರತ್ತೆಯ ಬಲಗಣ್ಣು ಕೆಟ್ಟಿದೆ. ತಾವು ಎಡಗಣ್ಣಿಗೆ ಚುಚ್ಚುಮದ್ದು ಮಂಜೂರು ಮಾಡಿದ್ದೀರಿ. ತಿದ್ದಿಕೊಡಿ ಎಂದು ಮೂರು ಸಲ ಬರೆದದ್ದಕ್ಕೆ, 'ದಾಖಲಾದ ಕಣ್ಣನ್ನು ಬದಲಾಯಿಸಲು ಅವಕಾಶವಿರುವುದಿಲ್ಲ' ಎಂದು ಉತ್ತರ ಬಂದಿದೆ. ಸ್ವಾಮಿ, ಕಣ್ಣು ಬದಲಾಯಿಸಿ ಎಂದು ಕೇಳಿದವರು ಯಾರು? ಅವೆರಡೂ ಇದ್ದಲ್ಲೇ ಇವೆ. ಬದಲಾಗಬೇಕಾದದ್ದು ಒಂದು ಅಂಕಿ.

ಆ ಅಂಕಿಯನ್ನು ತಪ್ಪಾಗಿ ಒತ್ತಿದವಳು ನಾನೇ. ಒಂಬತ್ತನೇ ತರಗತಿಗೆ ಕೈಮುಗಿದು ಹೊರಬಂದು, ನಾಲ್ಕು ಕಡೆ ಕೆಲಸ ಬಿಟ್ಟು, ಈಗ ಕಣ್ಣಾಸ್ಪತ್ರೆಯಲ್ಲಿ, ತಮಗೆ ಕಳಿಸುವ ಅರ್ಜಿಗಳಿಗೆ ಕಾಯಿಲೆಗಳ ಸಂಕೇತ ಸಂಖ್ಯೆ ಟೈಪಿಸುತ್ತೇನೆ. ಅದರಲ್ಲಿ ಕಣ್ಣಿಗೆಂದೇ ಒಂದು ಅಂಕಿಯಿದೆ: ಒಂದು ಎಂದರೆ ಬಲ, ಎರಡು ಎಂದರೆ ಎಡ, ಮೂರು ಎಂದರೆ ಎರಡೂ. ಡಾಕ್ಟರು ಚೀಟಿಯಲ್ಲಿ ಎರಡು ಸೊನ್ನೆ ಸುತ್ತಿ, ಕೆಟ್ಟ ಕಣ್ಣಿನೊಳಗೆ ಚುಕ್ಕೆ ಇಡುತ್ತಾರೆ. ರೋಗಿ ಎದುರಿಗೆ ಕೂತಿರುವುದರಿಂದ ಹಾಳೆಯ ಎಡಬದಿಯ ಸೊನ್ನೆಯೇ ರೋಗಿಯ ಬಲಗಣ್ಣು. ಕೆಲಸಕ್ಕೆ ಸೇರಿ ಎಂಟು ದಿನವಾಗಿದ್ದ ನನಗೆ ಎಡ ಎಂದರೆ ಎಡವೇ. ಎರಡು ಒತ್ತಿದೆ.

ಅತ್ತೆ ಗಡಿಯಾರ ರಿಪೇರಿ ಮಾಡುವವಳು. ಭೂತಗನ್ನಡಿ ಸಿಕ್ಕಿಸಿಕೊಳ್ಳುವುದು ಬಲಗಣ್ಣಿಗೆ. ಮೂವತ್ತು ವರ್ಷದ ರೂಢಿ. ಹೋದ ತಿಂಗಳು, "ಮುಳ್ಳು ಯಾಕೋ ಡೊಂಕಾಗಿ ಕಾಣ್ತಿದೆ ಕಣೇ" ಅಂದಳು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ನಾನು ನಕ್ಕೆ. ಅವಳೇ ಸರಿ. ರೆಟಿನಾದ ನಡುಭಾಗದಲ್ಲಿ ನೀರು ತುಂಬಿ ಊದಿಕೊಂಡಿತ್ತು. ಈ ಗುರುವಾರ ಚುಚ್ಚುಮದ್ದು ಬೀಳದಿದ್ದರೆ ಆ ಡೊಂಕು ಕಾಯಂ ಆಗಬಹುದು ಎಂದಿದ್ದಾರೆ ಡಾಕ್ಟರು.

ತಮ್ಮ ಕಚೇರಿಗೆ ಫೋನ್ ಮಾಡಿದಾಗ ಒಬ್ಬ ಗುಮಾಸ್ತರು ಪ್ರೀತಿಯಿಂದಲೇ ಉಪಾಯ ಹೇಳಿಕೊಟ್ಟರು.

"ನೋಡಮ್ಮ, ಮೂರು ಅಂತ ಹಾಕಿ ಹೊಸ ಅರ್ಜಿ ಕಳಿಸಿಬಿಡು. ನಾಳೇನೇ ಪಾಸು."

"ಎಡಗಣ್ಣು ಚೆನ್ನಾಗಿದೆಯಲ್ಲ ಸಾರ್?"

"ಅದು ಕಂಪ್ಯೂಟರಿಗೇನು ಗೊತ್ತಾಗುತ್ತೆ?"

ಪಕ್ಕದಲ್ಲೇ ಕೂತಿದ್ದ ಅತ್ತೆ ಗದರಿದಳು: "ಇರೋ ಒಂದು ಒಳ್ಳೇ ಕಣ್ಣಿಗೂ ರೋಗ ಬರೆಸ್ತೀಯೇನೇ? ನಿಂಗೆ ಸ್ಕೂಲಲ್ಲಿ ಎಡ-ಬಲ ಕಲಿಸೋವರೆಗಾದ್ರೂ ಕಟ್ಟಿಹಾಕಬೇಕಿತ್ತು!" ಹೇಳಿ ಅವಳೇ ಬಿದ್ದುಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಮೂರು ಒತ್ತಲಿಲ್ಲ. ಕೈತಪ್ಪಿ ಬರೆದ ಸುಳ್ಳನ್ನು ತಿದ್ದಲು ನಿಯಮವಿಲ್ಲ, ಬೇಕೆಂದೇ ಬರೆದ ಸುಳ್ಳಿಗೆ ಒಂದೇ ದಿನದಲ್ಲಿ ಮಂಜೂರಾತಿ! ಇದ್ಯಾವ ಸೀಮೆಯ ನ್ಯಾಯ, ಮಾನ್ಯರೇ?

ನನ್ನ ತಪ್ಪೊಪ್ಪಿಗೆಯನ್ನೂ, ಡಾಕ್ಟರ ಸಹಿಯಿರುವ ಚೀಟಿಯನ್ನೂ ಲಗತ್ತಿಸಿದ್ದೇನೆ. ಬುಧವಾರ ಸಂಜೆಯೊಳಗೆ ಎರಡು ಎಂಬ ಅಂಕಿ ಅಳಿಸಿ ಒಂದು ಎಂದು ಒತ್ತಿಸಿ. ಯಾರನ್ನಾದರೂ ದಂಡಿಸಲೇಬೇಕೆಂದಿದ್ದರೆ ಧಾರಾಳವಾಗಿ ದಂಡಿಸಿ. ವಿಳಾಸ ಮಾತ್ರ ಸರಿಯಾಗಿರಲಿ. ತಪ್ಪು ನನ್ನ ಬೆರಳಿನದು, ಅತ್ತೆಯ ಕಣ್ಣಿನದಲ್ಲ.

ಇಂತಿ,
ತಾನೇ ಕಟ್ಟಿದ ಗಂಟು ಬಿಚ್ಚಲು ತಮ್ಮ ಅಪ್ಪಣೆಗೆ ಕಾದಿರುವ ಟೈಪಿಸ್ಟು