ಶೆಡ್ಡಿನ ಬಾಗಿಲಲ್ಲಿ ಅತ್ತೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಾನು ಅತ್ತೆಯನ್ನು ಶೆಡ್ಡಿನಿಂದ ಹೊರಗೆ ಹಾಕಿದೆ ಎಂದು ಚಿಕ್ಕಮ್ಮ ನಿನ್ನ ಕಿವಿಗೆ ಹಾಕಿದ್ದಾಳಂತೆ. ಸುದ್ದಿಗೆ ರೆಕ್ಕೆಪುಕ್ಕ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಈ ಸಲ ಅವಳು ಹೇಳಿದ್ದು ನಿಜ. ಯಾಕೆ ಎಂಬುದನ್ನು ನನ್ನಿಂದಲೇ ಕೇಳು, ಆಮೇಲೆ ಬೈಯುವುದಿದ್ದರೆ ಬೈ.

ಹೊಲದಿಂದ ಬಂದ ಸೊಪ್ಪನ್ನು ಆರಿಸಿ, ತೊಳೆದು, ನೀರು ಸೋರಿಸಿ ಪೆಟ್ಟಿಗೆಗೆ ತುಂಬುವ ಆ ಶೆಡ್ಡಿನಲ್ಲಿ ಮೊದಲಿನಿಂದಲೂ ಅತ್ತೆಯದೇ ದರ್ಬಾರು. ಕೊಳೆಯಲು ಶುರುವಾದ ಎಲೆಯನ್ನು ಬೆರಳ ತುದಿಯಲ್ಲೇ ಗುರುತಿಸುವುದನ್ನು ನನಗೆ ಕಲಿಸಿದವರು ಅವರು. ಹಸಿ ಗೊಬ್ಬರ ಸೊಪ್ಪಿನ ಪಾತಿಗೆ ಬೀಳಬಾರದು, ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಬೇಕು ಎಂದು ನಾನು ಹಟ ಹಿಡಿದಾಗ ಇಡೀ ಮನೆ ನಕ್ಕಿತ್ತು. ಅತ್ತೆ ಮಾತ್ರ ನಗಲಿಲ್ಲ. ತಾವೇ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಲ್ಯಾಬಿಗೆ ಹೋಗಿ ಬಂದಿದ್ದರು.

ಕಳೆದ ವಾರ ಆಸ್ಪತ್ರೆಯ ಅಡುಗೆಮನೆಗೆ ಸೊಪ್ಪು ಕಳಿಸಬೇಕಿತ್ತು. ಅವರು ಅದನ್ನು ಬೇಯಿಸುವುದಿಲ್ಲ, ಹಸಿಯಾಗಿಯೇ ತಟ್ಟೆಗೆ ಹಾಕುತ್ತಾರೆ. ತಿನ್ನುವವರು ಹೆರಿಗೆಯಾದ ಹೆಂಗಸರು, ಆಪರೇಷನ್ ಮಾಡಿಸಿಕೊಂಡು ಚೇತರಿಸಿಕೊಳ್ಳುತ್ತಿರುವವರು. ಬೆಳಿಗ್ಗೆ ನಾನು ಹೊಲದಿಂದ ಬರುವಷ್ಟರಲ್ಲಿ ಅತ್ತೆ ಮೊಣಕೈವರೆಗೂ ತೊಟ್ಟಿಯಲ್ಲಿ ಕೈ ಇಳಿಸಿ ಸೊಪ್ಪು ತೊಳೆಯುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ಜೊತೆಯಲ್ಲಿ ಕೆಲಸ ಮಾಡುವ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮತ್ತೆ ಬಂದಾಗಿನಿಂದ ಬಚ್ಚಲಿಗೆ ಓಡಾಡುತ್ತಿದ್ದಾರೆ, ಒಮ್ಮೆ ವಾಂತಿಯೂ ಆಯಿತು ಎಂದಳು.

ಕೇಳಿದ್ದಕ್ಕೆ ಅತ್ತೆ, ಸ್ವಲ್ಪ ಹೊಟ್ಟೆ ಕೆಟ್ಟಿದೆ, ಸೋಪು ಹಾಕಿ ಕೈ ತೊಳೆದೇ ಬಂದಿದ್ದೇನೆ ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಅಂಥ ಹೊಟ್ಟೆಯ ಸೋಂಕು ಒಬ್ಬರ ಕೈಯಿಂದ ನೂರು ತಟ್ಟೆಗೆ ಹೋಗುತ್ತದೆ. ಹಸಿ ಸೊಪ್ಪನ್ನು ಎಷ್ಟು ತೊಳೆದರೂ ಅದು ಪೂರ್ತಿ ಬಿಡುವುದಿಲ್ಲ.

"ಅತ್ತೆ, ಕೈ ಹೊರಗೆ ತೆಗೀರಿ. ನೀವು ಮನೆಗೆ ಹೋಗಿ ಮಲಗಬೇಕು" ಎಂದೆ.

"ನಾನು ಕಟ್ಟಿದ ಶೆಡ್ಡಿಂದ ನನ್ನನ್ನೇ ಕಳಿಸ್ತೀಯಾ?"

"ಹೌದು ಅತ್ತೆ. ಬೇರೆ ಯಾರಾಗಿದ್ರೂ ನೀವೇ ಕಳಿಸ್ತಿದ್ರಿ."

ಎಲ್ಲರ ಕೈಯೂ ನಿಂತುಹೋಯಿತು. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿ, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಹೊರಟುಹೋದರು. ನಿನ್ನ ಅಳಿಯಂದಿರು ಬಾಗಿಲಲ್ಲೇ ನಿಂತಿದ್ದರು. ಅಮ್ಮ ಹೇಳುವುದೂ ಸರಿ, ನೀನು ಹೇಳುವುದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆ ದೀಪ ಆಮೇಲೆ ನೋಡೋಣ, ಮೊದಲು ತೊಟ್ಟಿ ಖಾಲಿ ಮಾಡಿ ಎಂದೆ.

ಅತ್ತೆ ಮುಟ್ಟಿದ ಸೊಪ್ಪೆಲ್ಲ ಗುಂಡಿಗೆ ಹೋಯಿತು. ಅಂಥ ಎಳೆ ಪಾಲಕ್ ಈ ವರ್ಷದಲ್ಲೇ ಬಂದಿರಲಿಲ್ಲ, ಹೊಟ್ಟೆ ಉರಿಯಿತು. ತೊಟ್ಟಿ, ಚಾಕು, ನಲ್ಲಿಯ ತಿರುಪು, ಬಚ್ಚಲ ಬಾಗಿಲ ಚಿಲಕ ಎಲ್ಲವನ್ನೂ ಬ್ಲೀಚ್ ಹಾಕಿ ಉಜ್ಜಿದೆವು. ಆಮೇಲೆ ಆಸ್ಪತ್ರೆಯ ಮುಖ್ಯ ಅಡುಗೆಯವರಿಗೆ ಫೋನ್ ಮಾಡಿ, ಇವತ್ತು ಅರ್ಧದಷ್ಟೇ ಬರುತ್ತದೆ ಎಂದು ಕಾರಣ ಸಮೇತ ಹೇಳಿದೆ. ಏನಾದರೊಂದು ನೆವ ಹೇಳು, ಇದ್ದದ್ದು ಇದ್ದಹಾಗೆ ಹೇಳಿದರೆ ಗಿರಾಕಿ ಹೋಗುತ್ತಾರೆ ಎಂದು ನಿನ್ನ ಅಳಿಯಂದಿರು ಸನ್ನೆ ಮಾಡುತ್ತಲೇ ಇದ್ದರು. ಅಡುಗೆಯವರು, "ಇಂಥದ್ದನ್ನ ಇದುವರೆಗೆ ಯಾರೂ ನನಗೆ ಫೋನ್ ಮಾಡಿ ಹೇಳಿಲ್ಲಮ್ಮ. ಇರೋದನ್ನ ಕಳಿಸಿ" ಎಂದರು.

ಡಾಕ್ಟರು ಅತ್ತೆಗೆ ಔಷಧಿ ಕೊಟ್ಟು, ವಾಂತಿ ಭೇದಿ ನಿಂತ ಮೇಲೂ ಎರಡು ದಿನ ಯಾರ ಊಟವನ್ನೂ ಮುಟ್ಟಬೇಡಿ ಎಂದರು. ನಾನು ಹೇಳಿದ್ದಕ್ಕೆ ಮುಖ ಊದಿಸಿಕೊಂಡವರು ಡಾಕ್ಟರ ಮಾತಿಗೆ ತಲೆಯಾಡಿಸಿದರು. ನನ್ನೊಡನೆ ಮಾತ್ರ ಮಾತಿಲ್ಲ. ನೀರು ಬೇಕಾದರೂ ಗೋಡೆಗೆ ಹೇಳುತ್ತಿದ್ದರು. ನಾನೂ ಗೋಡೆಯ ಪರವಾಗಿ ನೀರು ತಂದುಕೊಟ್ಟೆ.

ಅವರು ಶೆಡ್ಡಿಗೆ ಮರಳಿದ ದಿನ ನಿನ್ನ ಅಳಿಯಂದಿರು ಹೊಟ್ಟೆ ಹಿಡಿದುಕೊಂಡು ಪೆಟ್ಟಿಗೆ ಎತ್ತಲು ಬಂದರು. ಅತ್ತೆ ಬಾಗಿಲಿಗೆ ಕೈ ಅಡ್ಡ ಹಿಡಿದರು.

"ಮಗ ಆದ್ರೇನು, ಹೊಟ್ಟೆ ಹೊಟ್ಟೆನೇ. ನಡಿ ಮನೆಗೆ" ಎಂದು ಕಳಿಸಿ, ನನ್ನ ಕಡೆ ತಿರುಗದೆಯೇ, "ನಿಂತು ನೋಡ್ತಾ ಇರ್ಬೇಡ, ಆ ಬುಟ್ಟಿ ಇತ್ತ ತಳ್ಳು" ಎಂದರು. ಅಷ್ಟು ದಿನಗಳಲ್ಲಿ ನನಗೆ ಹೇಳಿದ ಮೊದಲ ಮಾತು ಅದು. ಈಗ ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೊಟ್ಟೆ ಹೇಗಿದೆ, ಕೈ ತೋರಿಸು ಎಂದು ವಿಚಾರಿಸಿಕೊಂಡೇ ಒಳಗೆ ಬಿಡುತ್ತಾರೆ. ಹುಷಾರಿಲ್ಲದವರ ಸಂಬಳ ಹಿಡಿಯಬಾರದು, ಹಿಡಿದರೆ ಎಲ್ಲರೂ ಮುಚ್ಚಿಟ್ಟುಕೊಂಡು ಬರುತ್ತಾರೆ ಎಂದು ಹಟ ಮಾಡಿ ಒಪ್ಪಿಸಿದವರೂ ಅವರೇ.

ನಾನು ಮಾಡಿದ್ದು ಸರಿ ಅಮ್ಮ. ನಾಳೆ ಮತ್ತೆ ಹೀಗಾದರೂ ಅದನ್ನೇ ಮಾಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆ ದಿನ ನನ್ನ ಮನಸ್ಸು ಒಂದಿಷ್ಟೂ ಅಳುಕಲಿಲ್ಲ, ನೀನು ಚಿಂತೆ ಮಾಡಬೇಡ. ಈ ಕಾಗದವನ್ನು ಅಂಟಿಸುವ ಮೊದಲು ಅತ್ತೆಗೆ ಓದಲು ಕೊಡುತ್ತೇನೆ. ಅವರ ವಿಷಯವನ್ನು ಅವರ ಬೆನ್ನ ಹಿಂದೆ ಬರೆಯುವುದು ನನಗೆ ಸರಿ ಕಾಣಲಿಲ್ಲ.

ನಿನ್ನ,
ಮೊಂಡಿ

ಸೊಸೆ ಬರೆಯಲು ಮರೆತ ಮಾತು: ಬೀಗಿತ್ತಿಯವರಿಗೆ ನಮಸ್ಕಾರ. ಓದಿದೆ. ಎಲ್ಲಾ ನಿಜ, ಮನಸ್ಸು ಅಳುಕಲಿಲ್ಲ ಅಂದದ್ದೊಂದು ಬಿಟ್ಟು. ಆ ದಿನ ನಿಮ್ಮ ಮಗಳು ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನೀರಿನ ಸದ್ದಿಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಳು. ಆಮೇಲೆ ಮುಖ ತೊಳೆದುಕೊಂಡು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ನಾನು ನಿದ್ದೆ ಬಂದವಳ ಹಾಗೆ ಮಲಗಿದ್ದೆ. ಕಣ್ಣು ಬಿಟ್ಟಿದ್ದರೆ ನಾನೂ ಅತ್ತುಬಿಡುತ್ತಿದ್ದೆ.