ಕವಲುದಾರಿಯ ಮೂರು ಕಲ್ಲು

ಮನೆಯಿಂದ, ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬಾಣಂತಿ, ಮಗು ಇಬ್ಬರೂ ಆರಾಮವೇ? ಮೊಮ್ಮಗಳು ನಿನ್ನನ್ನು ಮಲಗಲು ಬಿಡುತ್ತಾಳೋ, ಇಲ್ಲ ಅಜ್ಜಿಯ ಬಾಯಿಯನ್ನೇ ಪಡೆದುಕೊಂಡು ಹುಟ್ಟಿದ್ದಾಳೋ? ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಭಾವನ ಮಂಡಿಯ ತರಚುಗಾಯ ಮಾಯಿತು. ಊಟ ಮಾತ್ರ ಅರ್ಧಕ್ಕಿಳಿದಿದೆ.

ನಾನೂ ಭಾವನೂ ಹೋಗಿದ್ದ ಕೆಂಪು ಬಂಡೆಗಳ ಕಣಿವೆಯ ಕಥೆಯನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಅಲ್ಲಿ ಕಾಲುದಾರಿಗಳು ಒಂದಕ್ಕೊಂದು ಕೂಡಿಕೊಂಡು, ಕಣಿವೆಗಳನ್ನೆಲ್ಲ ಸುತ್ತಿಸಿ, ಹೊರಟಲ್ಲಿಗೇ ತಂದು ಬಿಡುತ್ತವೆ. ಎತ್ತ ನೋಡಿದರೂ ಅದೇ ಕೆಂಪು ಗೋಡೆ, ಅದೇ ಮರಳು. ಅದಕ್ಕೇ ಪ್ರತಿ ಕವಲಿನಲ್ಲೂ ಸರಿದಾರಿಯ ಬಾಯಲ್ಲಿ ಕಾವಲಿನವರು ಮೂರು ಕಲ್ಲು ಇಟ್ಟಿರುತ್ತಾರೆ. ಭಾವನ ನಡಿಗೆ ನಿನಗೆ ಗೊತ್ತಲ್ಲ. "ನೀವು ಗಂಟೆ ಮುಳ್ಳು, ನಾನು ನಿಮಿಷದ ಮುಳ್ಳು. ಕಲ್ಲು ನೋಡ್ಕೊಂಡು ನಿಧಾನ ಬನ್ನಿ" ಎಂದು ಛೇಡಿಸಿ ನಾನು ಮುಂದೆ ಹೋದೆ. ಗಡಿಯಾರ ರಿಪೇರಿಯವರಲ್ಲವೇ, ನಕ್ಕರು. ಆಮೇಲೆ ಅವರು ಬರಲೇ ಇಲ್ಲ. ಕಾವಲಿನವನನ್ನು ಕರೆದುಕೊಂಡು ನಾಲ್ಕು ತಾಸು ಹುಡುಕಿದೆ. ಮುಂದೆ ದಾರಿಯೇ ಇಲ್ಲದ ಒಂದು ಸಂದಿಯಲ್ಲಿ, ತುಟಿ ಒಡೆದು, ಖಾಲಿ ಬಾಟಲಿ ಹಿಡಿದು ಕೂತಿದ್ದರು. "ಮೂರು ಕಲ್ಲು ನೋಡೇ ತಿರುಗಿದ್ದು ಕಣಯ್ಯಾ" ಎಂದರು. ಕಾವಲಿನವನು ಅವರನ್ನು ಕವಲಿಗೆ ಕರೆತಂದು ತೋರಿಸಿದ. ಕಲ್ಲುಗಳು ಸರಿದಾರಿಯಲ್ಲೇ ಇದ್ದವು. ಭಾವ ಅವನ್ನು ಬಹಳ ಹೊತ್ತು ನೋಡಿದರು.

ಅವರಪ್ಪನ ಮರೆವು ಶುರುವಾದದ್ದೂ ಹೀಗೇ ದಾರಿ ತಪ್ಪಿ ಅಲ್ಲವೇ? ಈಗ ಭಾವ ಅಂಗಡಿಯ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದ್ದಾರೆ. ಮೂವತ್ತು ವರ್ಷ ಕಣ್ಣುಮುಚ್ಚಿ ತೆಗೆಯುತ್ತಿದ್ದ ಸ್ಕ್ರೂಡ್ರೈವರಿಗೂ ಒಂದು ಚೀಟಿ! ಗಿರಾಕಿ ಬಂದರೆ "ಬೇರೆ ಕಡೆ ತೋರಿಸಿ, ನನ್ನ ತಲೆ ನೆಟ್ಟಗಿಲ್ಲ" ಎಂದು ವಾಪಸು ಕಳಿಸುತ್ತಾರೆ. ತಿಂಗಳ ಕೊನೆಗೆ ಬೀಗ ಹಾಕುವ ಮಾತು ನಡೆದಿದೆ. ಮೊನ್ನೆ ನೀನೂ "ಮುಚ್ಚಿಸ್ಬಿಡೋ, ಮರ್ಯಾದೆಯಿಂದ ಮನೇಲಿರಲಿ" ಎಂದು ಫೋನಿನಲ್ಲಿ ಅತ್ತುಬಿಟ್ಟೆ. ನಾನು ಹೂಂ ಎಂದೆ. ಆ ಹೂಂ ನೆನೆದರೆ ನನ್ನ ಮುಖ ನನಗೇ ತೋರಿಸಲು ನಾಚಿಕೆಯಾಗುತ್ತದೆ, ಅಕ್ಕಾ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಮಗುವಿಗೆ ಈ ಚಿಕ್ಕಜ್ಜನ ಮುತ್ತು.

ನಿನ್ನ ತಮ್ಮ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಭಾವನ ತಲೆ ನೆಟ್ಟಗಿದೆ. ಆ ಕವಲಿನಲ್ಲಿ ನನಗೆ ಚಹಾ ಬೇಕೆನಿಸಿತು. ಗುರುತಿನ ಮೂರು ಕಲ್ಲನ್ನೇ ಎತ್ತಿ, ನೆರಳಿದೆಯೆಂದು ಪಕ್ಕದ ದಾರಿಯ ಬಾಯಲ್ಲಿ ಒಲೆ ಹೂಡಿದೆ. ಕುಡಿದು, ಹಾಗೇ ಬಿಟ್ಟು ಹೋದೆ. ಹುಡುಕುವಾಗ ನಾನೇ ಮೊದಲು ಅಲ್ಲಿಗೆ ಬಂದೆ. ಒಲೆ ದಾಟಿ ಅವರ ಹೆಜ್ಜೆ ಹೋಗಿತ್ತು. ಕಾವಲಿನವನು ಬರುವಷ್ಟರಲ್ಲಿ ಕಲ್ಲುಗಳನ್ನು ಸ್ವಸ್ಥಾನಕ್ಕೆ ಸೇರಿಸಿದೆ, ಮಸಿ ಹತ್ತಿದ ಬದಿಯನ್ನು ಬಂಡೆಯ ಕಡೆ ತಿರುಗಿಸಿ. ಈ ಪತ್ರವನ್ನು ಈಗಲೇ ಅಂಗಡಿಗೆ ಒಯ್ದು ಭಾವನ ಕೈಗೆ ಕೊಡುತ್ತೇನೆ. ಲಕೋಟೆಯ ಮೇಲೆ ವಿಳಾಸ ಬರೆದಿಲ್ಲ. ವಿಳಾಸ ಅವರ ಅಕ್ಷರದಲ್ಲಿದ್ದರೆ, ಓದಿಯೇ ಕಳಿಸಿದ್ದಾರೆ ಎಂದುಕೋ.